ಇಳಕಲ್ ಸೀರೆ, ಗುಳೇದಗುಡ್ಡದ ಖಣ: ಚಿತ್ರ, ಸ್ಟೈಲಿಂಗ್, ಫೋಟೊ ಮೂರೂ ಮಾಡುತ್ತಿದ್ದೇನೆ, ನೋಡಿ ಹೇಳಿ

ಬಣ್ಣದ ಬುತ್ತಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನಲ್ಲಿ ಫ್ಯಾಷನ್ ಡಿಸೈನ್ ಓದುತ್ತಿದ್ದೇನೆ, ಕೊನೆಯ ವರ್ಷ. ಊರು ಹುಬ್ಬಳ್ಳಿ. ಪೋರ್ಟ್‌ಫೋಲಿಯೊಗೆ ಇಳಕಲ್ ಸೀರೆ ಮತ್ತು ಕುಪ್ಪಸಕ್ಕೆ ನೇಯುವ ಗುಳೇದಗುಡ್ಡದ ಖಣ ಆರಿಸಿಕೊಂಡಿದ್ದೇನೆ. ಮನೆಯಲ್ಲಿ ಅಮ್ಮ, ಅಜ್ಜಿ, ದೊಡ್ಡಮ್ಮ ಎಲ್ಲರೂ ಉಟ್ಟ ಬಟ್ಟೆ ಇದು. ಆದರೆ ನಮ್ಮ ಕ್ಲಾಸಿನಲ್ಲಿ ಇದನ್ನು ಮುಟ್ಟಿ ನೋಡಿದವರು ಕಡಿಮೆ.

ಒಂದೇ ಬಟ್ಟೆಯನ್ನು ಬೇರೆ ಬೇರೆ ದಾರಿಯಲ್ಲಿ ನೋಡಬೇಕು ಅನ್ನುವುದು ನನ್ನ ಆಸೆ. ಮೊದಲು ಕಾಗದದ ಮೇಲೆ ಚಿತ್ರ. ಆಮೇಲೆ ಆ ಚಿತ್ರ ನೋಡಿಕೊಂಡು ಗೆಳತಿಯರಿಗೆ ಉಡಿಸಿ, ಒಡವೆ, ಚಪ್ಪಲಿ, ಕೂದಲು ಎಲ್ಲ ಹೊಂದಿಸುವುದು. ಆಮೇಲೆ ಫೋಟೊ. ಕೊನೆಗೆ ಆ ಫೋಟೊವನ್ನು ಮ್ಯಾಟ್ ಕಾಗದದ ಮೇಲೆ ಪ್ರಿಂಟ್ ಹಾಕಿಸಿ, ಅದರ ಮೇಲೆ ಗ್ವಾಶ್ ಎಂಬ ದಪ್ಪ ನೀರಿನ ಬಣ್ಣದಿಂದ ಮತ್ತೆ ಬರೆಯುವುದು. ಖಣದ ಚೂರುಗಳನ್ನು ಅಂಟಿಸಿ ಕೊಲಾಜ್ ಕೂಡ ಮಾಡಿದ್ದೇನೆ.

ಕೆಳಗೆ ಆಲ್ಬಮ್ ಹಾಕಿದ್ದೇನೆ. ಚಿತ್ರಗಳಲ್ಲಿ ಹುಡುಗಿ ಎತ್ತರವಾಗಿ, ಕಾಲು ಉದ್ದವಾಗಿ ಇದ್ದಾಳೆ. ಫೋಟೊಗಳು ಕಾಲೇಜಿನ ಮಹಡಿ ಮೇಲೆ ಮಧ್ಯಾಹ್ನ ತೆಗೆದವು. ಒಂದು ಸೆಟ್‌ನಲ್ಲಿ ಇಳಕಲ್ ಸೀರೆ ಜತೆ ಬಿಳಿ ಶರ್ಟ್, ಕ್ಯಾನ್ವಾಸ್ ಶೂ. ಇನ್ನೊಂದರಲ್ಲಿ ಖಣದ ಜಾಕೆಟ್ ಮತ್ತು ಲಂಬಾಣಿ ಬೆಳ್ಳಿ ಒಡವೆ.

ಚಿತ್ರ ನೋಡಿದಾಗ ಖುಷಿಯಾಗುತ್ತದೆ. ಫೋಟೊ ನೋಡಿದಾಗ ಅದೇ ಸೀರೆ ಸಪ್ಪೆಯಾಗಿ ಕಾಣುತ್ತದೆ. ಎರಡಕ್ಕೂ ನಂಟು ಹೇಗೆ ಕೂಡಿಸುವುದು? ಮುಚ್ಚುಮರೆ ಇಲ್ಲದೆ ಹೇಳಿ.

ನೆರಳು ಬೆಳಕು

ಆಲ್ಬಮ್ ಪೂರ್ತಿ ನೋಡಿದೆ. ಕೆಲಸದಲ್ಲಿ ಜೀವ ಇದೆ. ಫೋಟೊ ಬಗ್ಗೆ ಮಾತ್ರ ಹೇಳುತ್ತೇನೆ, ಅದು ನನ್ನ ಕಸುಬು.

ಇಳಕಲ್ ಸೆರಗಿನ ಕೆಂಪು ಕ್ಯಾಮೆರಾಗೆ ಬಹಳ ಕಷ್ಟದ ಬಣ್ಣ. ಸೆನ್ಸರ್‌ನಲ್ಲಿ ಕೆಂಪು, ಹಸಿರು, ನೀಲಿ ಮೂರು ಚಾನೆಲ್ ಇರುತ್ತವೆ. ಗಾಢ ಕೆಂಪು ಬಟ್ಟೆ ಬಿಸಿಲಲ್ಲಿ ಇದ್ದರೆ ಕೆಂಪು ಚಾನೆಲ್ ಒಂದೇ ತುಂಬಿ ತುಳುಕುತ್ತದೆ, ಉಳಿದೆರಡು ಕೆಳಗೇ ಇರುತ್ತವೆ. ಒಟ್ಟು ಬೆಳಕು ಸರಿ ಇದೆ ಎಂದೇ ಕ್ಯಾಮೆರಾ ತಿಳಿಯುತ್ತದೆ. ಆದರೆ ಕೆಂಪಿನ ಒಳಗಿನ ಎಳೆ, ಮಡಿಕೆ, ನೆರಳು ಎಲ್ಲ ಕರಗಿ ಒಂದೇ ಬಣ್ಣದ ಪಟ್ಟೆಯಾಗುತ್ತದೆ. ನಿಮ್ಮ ಮಹಡಿ ಫೋಟೊಗಳಲ್ಲಿ ಆಗಿರುವುದು ಇದೇ. ಸೀರೆ ಸಪ್ಪೆ ಅಲ್ಲ, ಅದರ ನೇಯ್ಗೆ ಫೋಟೊಗೆ ಬಂದೇ ಇಲ್ಲ.

ಹಿಸ್ಟೋಗ್ರಾಮ್ (ಬೆಳಕು ಎಷ್ಟಿದೆ ಎಂದು ತೋರಿಸುವ ಕ್ಯಾಮೆರಾದ ನಕ್ಷೆ) ನೋಡುವಾಗ ಮೂರು ಬಣ್ಣ ಬೇರೆ ಬೇರೆಯಾಗಿ ತೋರಿಸುವ ಸೆಟ್ಟಿಂಗ್ ಹಾಕಿ. ಕೆಂಪು ಗೆರೆ ಬಲಗಡೆ ಗೋಡೆಗೆ ತಾಗಿದರೆ ಎಕ್ಸ್‌ಪೋಷರ್ ಇಳಿಸಿ. ಫೋನ್ ಆದರೆ ಸೆರಗಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ, ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಮುಖ ಕಪ್ಪಾಯಿತು ಅನ್ನಿಸಿದರೆ ಆಮೇಲೆ ಎತ್ತಬಹುದು. ತುಂಬಿ ಹೋದ ಕೆಂಪನ್ನು ಆಮೇಲೆ ತರಲು ಆಗುವುದಿಲ್ಲ. ಸಾಧ್ಯವಾದರೆ ಸೆನ್ಸರ್ ಹಿಡಿದದ್ದೆಲ್ಲ ಉಳಿಸುವ ರಾ ಫೈಲ್‌ನಲ್ಲೇ ತೆಗೆಯಿರಿ.

ಇನ್ನು ಬೆಳಕು ಬರುವ ದಿಕ್ಕು. ನೆತ್ತಿ ಮೇಲಿನ ಬಿಸಿಲು ಬೇಡ. ಬೆಳಗ್ಗೆ ಅಥವಾ ಸಂಜೆ, ಪಕ್ಕದಿಂದ ಬೆಳಕು ಸವರಿಕೊಂಡು ಹೋಗಬೇಕು. ಆಗ ಹತ್ತಿಯ ಒರಟು, ರೇಷ್ಮೆ ಅಂಚಿನ ಹೊಳಪು ಎರಡೂ ಬೇರೆ ಬೇರೆ ಎದ್ದು ಕಾಣುತ್ತವೆ. ಒಂದು ಕಡೆ ಬಿಳಿ ಥರ್ಮೊಕೋಲ್ ಹಲಗೆ ಹಿಡಿಯಿರಿ. ಇನ್ನೊಂದು ಕಡೆ ಕಪ್ಪು ಬಟ್ಟೆ ಕಟ್ಟಿ ನೋಡಿ. ಎಲ್ಲರೂ ಬೆಳಕು ಕೂಡಿಸುವುದನ್ನೇ ಹೇಳಿಕೊಡುತ್ತಾರೆ, ಕಳೆಯುವುದನ್ನು ಹೇಳಿಕೊಡುವವರು ಕಡಿಮೆ. ನಿರಿಗೆಗಳ ನಡುವೆ ಆಳ ಬರುವುದು ಆ ಕಪ್ಪು ಬಟ್ಟೆಯಿಂದ.

ಸಣ್ಣ ಚೌಕಳಿ ಸೀರೆಯ ಫೋಟೊದಲ್ಲಿ ಬಣ್ಣಬಣ್ಣದ ಅಲೆ ಕಾಣುತ್ತಿದೆ, ನೋಡಿದಿರಾ? ನೇಯ್ಗೆಯ ಚೌಕ ಮತ್ತು ಸೆನ್ಸರ್‌ನ ಚೌಕ ಒಂದರ ಮೇಲೊಂದು ಕೂತಾಗ ಹಾಗಾಗುತ್ತದೆ. ಎರಡು ಹೆಜ್ಜೆ ಮುಂದೆ ಅಥವಾ ಹಿಂದೆ ಹೋಗಿ, ಕ್ಯಾಮೆರಾ ಸ್ವಲ್ಪ ಓರೆ ಮಾಡಿ. ಹೋಗುತ್ತದೆ.

ಗೆರೆ

ನಾನು ಚಿತ್ರ ಕಲಿಸುತ್ತೇನೆ. ನಿಮ್ಮ ಗೆರೆ ಧೈರ್ಯದ ಗೆರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕುತ್ತಿಗೆಯ ಗುಳಿಯಿಂದ ಭಾರ ಹೊತ್ತ ಪಾದಕ್ಕೆ ನೇರ ಗೆರೆ ಎಳೆದರೆ ನಿಮ್ಮ ಹುಡುಗಿಯರೆಲ್ಲ ಸರಿಯಾಗಿ ನಿಂತಿದ್ದಾರೆ. ಯಾರೂ ಬೀಳುತ್ತಿಲ್ಲ.

ಆದರೆ ಅವರ ಎತ್ತರದ ಬಗ್ಗೆ ಮಾತಾಡಲೇಬೇಕು. ನಿಜವಾದ ಮನುಷ್ಯ ಸುಮಾರು ಏಳೂವರೆ ತಲೆಯಷ್ಟು ಎತ್ತರ. ಫ್ಯಾಷನ್ ತರಗತಿಗಳಲ್ಲಿ 9 ತಲೆ, ಕೆಲವೊಮ್ಮೆ 10 ತಲೆ ಅಂತ ಕಲಿಸುತ್ತಾರೆ. ಹೆಚ್ಚಿದ ಎತ್ತರವೆಲ್ಲ ಬಹುಪಾಲು ಕಾಲಿಗೆ ಹೋಗುತ್ತದೆ. ಗೌನಿಗೆ, ಪ್ಯಾಂಟಿಗೆ ಅದು ಒಪ್ಪುತ್ತದೆ. ಸೀರೆಯಲ್ಲಿ ಕಾಲೇ ಕಾಣುವುದಿಲ್ಲ ಅಲ್ವಾ? ಸೊಂಟದಿಂದ ಪಾದದವರೆಗೆ ನಿರಿಗೆ. ಕಾಲು ಉದ್ದ ಮಾಡಿದರೆ ಸೀರೆ ಒಂದು ಉದ್ದ ಕೊಳವೆ ಆಗುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಅಂಚಿನದು. ಇಳಕಲ್ ಅಂಚು ಅಗಲ. ನಿಜವಾಗಿ ಉಟ್ಟವರ ಮೈ ಮೇಲೆ ಆ ಅಂಚಿಗೆ ಒಂದು ತೂಕ ಇದೆ. ನೋಡಿದ ತಕ್ಷಣ ಕಣ್ಣು ಕೆಳಗೆ ಇಳಿಯುತ್ತದೆ. ಆಕೃತಿಯನ್ನು ಎಳೆದು ಉದ್ದ ಮಾಡಿದಾಗ ಅಂಚು ಮಾತ್ರ ಅಷ್ಟೇ ಉಳಿದು ತೆಳ್ಳಗಾಗುತ್ತದೆ. ಅಂಚನ್ನೂ ಹಿಗ್ಗಿಸಿದರೆ ಅದು ಇಳಕಲ್ ಅಲ್ಲ, ಬೇರೆ ಯಾವುದೋ ಸೀರೆ. ನಿಮ್ಮ ಚಿತ್ರ ಮತ್ತು ಫೋಟೊ ಒಂದಕ್ಕೊಂದು ಹೊಂದದೆ ಇರುವುದಕ್ಕೆ ಇದೇ ದೊಡ್ಡ ಕಾರಣ ಎಂದು ನನಗೆ ಅನ್ನಿಸುತ್ತದೆ. ಚಿತ್ರದ ಹುಡುಗಿಗೆ ಸರಿಹೋದ ಸ್ಟೈಲಿಂಗನ್ನು ನಿಜವಾದ ಹುಡುಗಿಗೆ ಹಾಕುತ್ತಿದ್ದೀರಿ. ಅವಳ ಮೈ ಬೇರೆ.

ಒಮ್ಮೆ ತಿರುಗಿಸಿ ಮಾಡಿ. ಮೊದಲು ಉಟ್ಟವರನ್ನು ನೋಡಿ ಬರೆಯಿರಿ. ಹುಬ್ಬಳ್ಳಿ ಬಸ್ ನಿಲ್ದಾಣ, ಸಂತೆ, ನಿಮ್ಮ ದೊಡ್ಡಮ್ಮನ ಅಡುಗೆಮನೆ. ಕೂತವರು, ಬಗ್ಗಿದವರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡವರು. ಸ್ಟೈಲಿಂಗ್ ಯೋಚನೆ ಅಲ್ಲಿಂದ ಹುಟ್ಟಲಿ. ಆಮೇಲೆ ಬೇಕಾದರೆ ಎಂಟು ತಲೆ ಮಾಡಿಕೊಳ್ಳಿ, ಯಾರೂ ಬೇಡ ಅನ್ನುವುದಿಲ್ಲ.

ಅಂತೋನಿಯೊ ಲೋಪೆಜ್ ಎಂಬ ಕಲಾವಿದ ಇದ್ದರು. 1943ರಲ್ಲಿ ಪೋರ್ಟೊ ರಿಕೊದಲ್ಲಿ ಹುಟ್ಟಿದವರು, 1987ರಲ್ಲಿ ತೀರಿಕೊಂಡರು. ನ್ಯೂಯಾರ್ಕ್‌ನಲ್ಲಿ ಪತ್ರಿಕೆಗಳಿಗೆ ಫ್ಯಾಷನ್ ಚಿತ್ರ ಬರೆಯುತ್ತಿದ್ದರು. ಜೀವಂತ ಮಾಡೆಲ್‌ಗಳನ್ನು ಎದುರಿಗೆ ನಿಲ್ಲಿಸಿಕೊಂಡು ಬರೆದರು. ಕಪ್ಪು ಹುಡುಗಿಯರು, ಲ್ಯಾಟಿನ್ ಹುಡುಗಿಯರು, ತಮ್ಮ ಸುತ್ತಲಿನ ಗೆಳೆಯರು ಅವರ ಚಿತ್ರಕ್ಕೆ ಬಂದರು. ಕೈಯಲ್ಲಿ ಒಂದು ಅಗ್ಗದ ಇನ್‌ಸ್ಟಾಮ್ಯಾಟಿಕ್ ಕ್ಯಾಮೆರಾ ಇಟ್ಟುಕೊಂಡು ಫೋಟೊಗಳನ್ನೂ ತೆಗೆದರು. ಚಿತ್ರ, ಸ್ಟೈಲಿಂಗ್, ಫೋಟೊ ಅಂತ ಅವರು ಗೋಡೆ ಕಟ್ಟಲಿಲ್ಲ. ನೀವು ಮಾಡಹೊರಟಿರುವುದಕ್ಕೆ ಅವರ ಕೆಲಸ ಹತ್ತಿರದ್ದು. ಹುಡುಕಿ ನೋಡಿ.

ಮಗ್ಗದ ಮನೆ

ತಂಗಿ, ನಮ್ಮದು ಇಳಕಲ್. ಮನೆಯಲ್ಲಿ ಮಗ್ಗ ಇದೆ. ನಮ್ಮ ಸೀರೆ ಮೇಲೆ ಇಷ್ಟು ಪ್ರೀತಿ ಇಟ್ಟು ಕೆಲಸ ಮಾಡುತ್ತಿರುವುದು ನೋಡಿ ಮನಸ್ಸು ತುಂಬಿತು.

ಒಂದು ಮಾತು ಕೇಳಬೇಕು. ಅಷ್ಟೂ ಫೋಟೊಗಳಲ್ಲಿ ಸೆರಗು ಎಲ್ಲಿ? ಹೆಗಲ ಮೇಲೆ ಸಣ್ಣದಾಗಿ ಮಡಿಸಿ ಪಿನ್ ಹಾಕಿದ್ದೀರಿ. ಹಿಂದೆ ಇಳಿಬಿದ್ದ ಭಾಗ ಕ್ಯಾಮೆರಾಗೆ ಕಾಣುತ್ತಲೇ ಇಲ್ಲ. ಇಳಕಲ್ ಸೀರೆಯಲ್ಲಿ ಕೆಲಸ ಇರುವುದೇ ಸೆರಗಿನಲ್ಲಿ.

ಹೇಗೆ ನೇಯುತ್ತೇವೆ ಎಂದು ಹೇಳುತ್ತೇನೆ, ಚಿತ್ರ ಬರೆಯುವಾಗ ನಿಮಗೆ ಉಪಯೋಗ ಆಗಬಹುದು. ಸೀರೆಯ ಮೈಗೆ ಒಂದು ಹಾಸು, ಅಂದರೆ ಮಗ್ಗದ ಮೇಲೆ ಉದ್ದಕ್ಕೆ ಕಟ್ಟುವ ಎಳೆಗಳು. ಅದು ಹತ್ತಿ ಇರಬಹುದು, ರೇಷ್ಮೆ ಇರಬಹುದು. ಸೆರಗಿಗೆ ಬೇರೆ ಹಾಸು, ಕೆಂಪು ರೇಷ್ಮೆ. ಈ ಎರಡು ಹಾಸುಗಳ ಎಳೆಗಳನ್ನು ಕೊಂಡಿ ಹಾಕಿ ಒಂದಕ್ಕೊಂದು ಜೋಡಿಸುತ್ತೇವೆ. ಇದಕ್ಕೆ ತೋಪು ತೆನಿ ಅನ್ನುತ್ತೇವೆ. ಹಾಗೆ ಜೋಡಿಸುವುದರಿಂದ ಒಂದು ಸಲಕ್ಕೆ ಒಂದು ಸೀರೆಗೆ ಬೇಕಾದಷ್ಟೇ ಹಾಸು ಹಾಕಬೇಕು. ಉದ್ದ ಹಾಸು ಹಾಕಿಟ್ಟು ಸೀರೆ ಮೇಲೆ ಸೀರೆ ನೇಯುತ್ತಾ ಹೋಗಲು ಬರುವುದಿಲ್ಲ. ಖರ್ಚು, ಸಮಯ ಎರಡೂ ಜಾಸ್ತಿ ಆಗುವುದು ಅದಕ್ಕೇ. ಸೆರಗಿನಲ್ಲಿ ಕೆಂಪು ಮೂರು ಕಡೆ, ನಡುವೆ ಎರಡು ಕಡೆ ಬಿಳಿ. ಕೆಂಪು ಬಿಳಿ ಸೇರುವಲ್ಲಿ ಹಲ್ಲು ಹಲ್ಲಾಗಿ ಮೇಲೇಳುವ ಆಕಾರ ಇರುತ್ತದೆ. ಕೆಲವು ಜೋಳದ ತೆನೆಯಂತೆ, ಕೆಲವು ಕೋಟೆಯ ತೆನೆಗಳಂತೆ, ಕೆಲವು ಗುಡ್ಡದ ಸಾಲಿನಂತೆ. ಅಂಚಿನಲ್ಲೂ ಗೋಮಿ, ಪರಸಪೇಟ, ಗಾಡಿ, ಚಿಕ್ಕಿ ಎಂದು ಬೇರೆ ಬೇರೆ ಇವೆ. ನಿಮ್ಮ ಚಿತ್ರಗಳಲ್ಲಿ ಅಂಚೆಲ್ಲ ಒಂದೇ ಥರ ಇದೆ. ಯಾವ ಅಂಚು ಎಂದು ಗೊತ್ತು ಮಾಡಿಕೊಂಡು ಬರೆಯಿರಿ.

ನಮ್ಮ ಕಡೆ ಹೆಂಗಸರು ಸೆರಗನ್ನು ತಲೆ ಮೇಲೆ ಹೊದೆಯುತ್ತಾರೆ. ಆಗ ಆ ಕೆಂಪು ಬಿಳಿ ಮುಖದ ಸುತ್ತ ಬರುತ್ತದೆ. ಹಾಗೇ ಉಡಿಸಿ ಎಂದು ನಾನು ಹೇಳುತ್ತಿಲ್ಲ. ಹೊಸ ಹುಡುಗಿಯರು ಹೊಸ ಥರ ಉಡಲಿ. ಆದರೆ ಸೆರಗನ್ನು ಮುಂದೆ ತನ್ನಿ.

ಇನ್ನೊಂದು. ನೀವು ಉಡಿಸಿದ ಹಸಿರು ಸೀರೆ ಕೈಮಗ್ಗದ್ದಾ? ಸೆರಗು ಸೇರುವ ಜಾಗ ತಿರುಗಿಸಿ ನೋಡಿ. ಕೊಂಡಿಗಳ ಸಾಲು ಕೈಗೆ ಸಿಗಬೇಕು. ಫೋಟೊದಲ್ಲಿ ನನಗೆ ಕಾಣಲಿಲ್ಲ, ಅದಕ್ಕೆ ಕೇಳಿದೆ.

ಬಣ್ಣದ ಬುತ್ತಿ

ಅಣ್ಣಾ, ಕೆಂಪು ಸೀರೆ ಅಜ್ಜಿಯದು, ಕೊಂಡಿ ಸಾಲು ಇದೆ, ಈಗ ತಿರುಗಿಸಿ ನೋಡಿದೆ. ಹಸಿರಿನದರಲ್ಲಿ ಇಲ್ಲ. ಅದು ಬೆಂಗಳೂರಿನ ಅಂಗಡಿಯಲ್ಲಿ ಇಳಕಲ್ ಎಂದು ಹೇಳಿ ಕೊಟ್ಟದ್ದು.

ಸೆರಗಿಗೆ ಪಿನ್ ಹಾಕಿದ್ದು ಶರ್ಟ್ ಕಾಲರ್ ಕಾಣಲಿ ಎಂದು. ನೀವು ಹೇಳಿದ ಮೇಲೆ ಬೇರೆ ಯೋಚನೆ ಬರುತ್ತಿದೆ. ಸೆರಗನ್ನು ಎರಡೂ ಹೆಗಲ ಮೇಲೆ ಬಿಚ್ಚಿ ಹೊದಿಸಿ, ಒಂದು ತುದಿಯನ್ನು ಮುಂಗೈಗೆ ಸುತ್ತಿದರೆ? ಮೂರು ಕೆಂಪು ಎರಡು ಬಿಳಿ ಪೂರ್ತಿ ಎದೆ ಮೇಲೆ ಬರುತ್ತದೆ.

ಗೆರೆ ಸರ್, ಅಂಚಿನ ವಿಷಯ ಓದಿ ಎದ್ದು ಹೋಗಿ ಟೇಪ್ ತಂದು ಅಳೆದೆ. ಈಗಲೇ ಹೊಸದಾಗಿ ಬರೆಯಬೇಕು ಅನ್ನಿಸುತ್ತಿದೆ.

ತಾಂಡಾದ ಹುಡುಗಿ

ನಿಮ್ಮ ಎರಡನೇ ಸೆಟ್ ಬಗ್ಗೆ ಹೇಳಬೇಕು. ಸಿಟ್ಟಿನಿಂದ ಹೇಳುತ್ತಿಲ್ಲ, ಆದರೆ ಹೇಳಲೇಬೇಕು.

ನಾನು ಲಂಬಾಣಿ. ನಿಮ್ಮ ಗೆಳತಿಯ ಕೆನ್ನೆ ಪಕ್ಕ ತೂಗುಹಾಕಿರುವುದು ಘೂಗ್ರಿ ಟೋಪಲಿ. ನಮ್ಮಲ್ಲಿ ಟೋಪಲಿ ಮದುವೆಯಾದವರು ಹಾಕಿಕೊಳ್ಳುವುದು. ನನ್ನ ಅಜ್ಜಿಗೆ ಅದು ಬರೀ ಒಡವೆ ಅಲ್ಲ. ಅದನ್ನು ಖಣದ ಜಾಕೆಟ್ ಮೇಲೆ, ಸುಮ್ನೆ ಹಳ್ಳಿ ಕಳೆ ಬರಲಿ ಎಂದು ಹಾಕಿದರೆ ನಮಗೆ ನೋವಾಗುತ್ತದೆ. ಖಣ ನೇಯುವವರು ಬೇರೆ, ಉಡುವವರು ಬೇರೆ, ನಾವು ಬೇರೆ. ನಮಗೆ ನಮ್ಮದೇ ಲಂಗ ಫೇಟಿಯಾ, ರವಿಕೆ ಕಾಂಚಳಿ ಇದೆ. ನಮ್ಮ ಕಸೂತಿಯಲ್ಲಿ ಕನ್ನಡಿ, ಕವಡೆ, ನಾಣ್ಯ ಎಲ್ಲಕ್ಕೂ ಜಾಗ ಇದೆ. ಸಂಡೂರಿನ ಹೆಂಗಸರ ಈ ಕಸೂತಿಗೆ ಜಿಐ ಟ್ಯಾಗ್ (ಭೌಗೋಳಿಕ ಸೂಚಿಕೆ) ಕೂಡ ಸಿಕ್ಕಿದೆ.

ನಮ್ಮ ಒಡವೆ ಮುಟ್ಟಬೇಡಿ ಎಂದು ಹೇಳುತ್ತಿಲ್ಲ. ಬೇಕಿದ್ದರೆ ತಾಂಡಾಕ್ಕೆ ಬನ್ನಿ. ಹಾಕಿಕೊಳ್ಳುವವರ ಜತೆ ಕೂತು ಮಾತಾಡಿ. ಅವರೇ ಹೇಗೆ ನಿಲ್ಲಬೇಕು, ಏನು ಹಾಕಬೇಕು ಎಂದು ಹೇಳಲಿ. ಆಗ ಆ ಫೋಟೊ ನಮ್ಮದೂ ಆಗುತ್ತದೆ.

ದೂರದ ಊರಿನವಳು

ನಾನು ಲಂಡನ್‌ನಲ್ಲಿದ್ದೇನೆ, ಹಳೆಯ ಬಟ್ಟೆಗಳ ಸಂಗ್ರಹ ನೋಡುವುದು ನನ್ನ ಹವ್ಯಾಸ. ತಾಂಡಾದ ಹುಡುಗಿ ಹೇಳಿದ್ದಕ್ಕೆ ಒಂದು ಇತಿಹಾಸ ಇದೆ, ಅದನ್ನು ಸೇರಿಸಬೇಕು ಅನ್ನಿಸಿತು.

1866ರಲ್ಲಿ ಜಾನ್ ಫೋರ್ಬ್ಸ್ ವಾಟ್ಸನ್ ಎಂಬಾತ ಇಂಡಿಯಾದ ಬಟ್ಟೆಗಳ 700 ತುಣುಕುಗಳನ್ನು ಕತ್ತರಿಸಿ, 18 ಸಂಪುಟಗಳಲ್ಲಿ ಅಂಟಿಸಿ ಹೊರತಂದ. ಸೀರೆ, ಪಂಚೆ, ರುಮಾಲು, ಪೇಟ ಎಲ್ಲ ಇದೆ. ಬ್ರಿಟನ್‌ನ ಗಿರಣಿಯವರು ಅದನ್ನು ನೋಡಿ ಅಂಥದ್ದೇ ಬಟ್ಟೆ ಮಾಡಿ ಇಂಡಿಯಾಕ್ಕೇ ಮಾರಲಿ ಎನ್ನುವುದು ಅದರ ಉದ್ದೇಶ. ನೇಯ್ದವರ ಹೆಸರು ಯಾರಿಗೂ ಬೇಕಿರಲಿಲ್ಲ. ಅದಾದ ಮೇಲೆ 1868ರಿಂದ 1875ರವರೆಗೆ ಇಂಡಿಯಾದ ಜನರ ಫೋಟೊಗಳ 8 ಸಂಪುಟ ಬಂದವು. ಅದರ ಸಂಪಾದಕರಲ್ಲೂ ಇದೇ ವಾಟ್ಸನ್ ಒಬ್ಬ. ಅಲ್ಲಿ ಮನುಷ್ಯರನ್ನು ಜಾತಿ, ಬುಡಕಟ್ಟಿನ ಮಾದರಿಗಳಾಗಿ ನಿಲ್ಲಿಸಿದ್ದಾರೆ.

ಈಗಿನ ವಿದ್ಯಾರ್ಥಿಗಳು ಮೂಡ್ ಬೋರ್ಡ್ ಮಾಡುವಾಗ ಇಲ್ಲೊಂದು ತುಣುಕು, ಅಲ್ಲೊಂದು ಒಡವೆ ಎಂದು ಅಂಟಿಸುವುದು ನೋಡಿದಾಗ ನನಗೆ ಆ ಸಂಪುಟಗಳೇ ನೆನಪಾಗುತ್ತವೆ. ನಿಮ್ಮ ಕೊಲಾಜ್ ಚೆನ್ನಾಗಿದೆ, ಅದಕ್ಕೇ ಹೇಳುತ್ತಿದ್ದೇನೆ. ಪ್ರತಿ ತುಣುಕಿನ ಪಕ್ಕ ಅದು ಯಾವ ಊರಿನದು, ಯಾರು ನೇಯ್ದದ್ದು, ಯಾರು ಉಟ್ಟದ್ದು ಎಂದು ಕೈಬರಹದಲ್ಲಿ ಬರೆಯಿರಿ. ಚಿತ್ರದ ಒಳಗೇ ಬರಲಿ. ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಹಾಕಿದರೆ ಯಾರೂ ಓದುವುದಿಲ್ಲ.

ಬಣ್ಣದ ಬುತ್ತಿ

ತಾಂಡಾದ ಹುಡುಗಿ, ನೀವು ಇದನ್ನು ಇಲ್ಲೇ ಬರೆದದ್ದಕ್ಕೆ ಥ್ಯಾಂಕ್ಸ್. ಆ ಸೆಟ್ ತೆಗೆಯುತ್ತೇನೆ. ಖಣದ ಜಾಕೆಟ್ ಜತೆ ಒಡವೆಯೇ ಬೇಡ ಅನ್ನಿಸುತ್ತಿದೆ ಈಗ. ತಾಂಡಾಕ್ಕೆ ಬರುವ ಮಾತು ನಿಜವಾದರೆ ಮೆಸೇಜ್ ಮಾಡುತ್ತೇನೆ. ಅದು ಈ ಪೋರ್ಟ್‌ಫೋಲಿಯೊಗೆ ಅಲ್ಲ, ಬೇರೆಯೇ ಕೆಲಸವಾಗಿ.

ತಾಂಡಾದ ಹುಡುಗಿ

ನಿಜವೇ. ಬನ್ನಿ. ಕ್ಯಾಮೆರಾ ಇಲ್ಲದೆ ಮೊದಲು ಬನ್ನಿ.

ಸೂಜಿ ದಾರ

ನಾನು ಟೇಲರ್. ಖಣದ ಜಾಕೆಟ್ ಹೊಲಿಗೆ ಬಗ್ಗೆ ಯಾರೂ ಮಾತಾಡಲಿಲ್ಲ, ಅದಕ್ಕೆ ಬಂದೆ.

ಖಣ ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ. ಅಗಲ ಕಡಿಮೆ, ಎರಡೂ ಬದಿ ಅಂಚು. ಮೀಟರ್ ಬಟ್ಟೆ ಅಂದುಕೊಂಡು ಜಾಕೆಟ್ ಕತ್ತರಿಸಲು ಹೋದರೆ ಬೆನ್ನಿಗೆ ಸಾಲುವುದಿಲ್ಲ. ನಿಮ್ಮ ಜಾಕೆಟ್‌ನಲ್ಲಿ ಬೆನ್ನ ನಡುವೆ ಜೋಡಣೆ ಬಂದಿದೆ, ಹೂವಿನ ಸಾಲು ಅಲ್ಲಿ ಮುರಿದಿದೆ. ಬೇರೆ ದಾರಿ ಇದೆ. ಎರಡು ಖಣದ ಅಂಚುಗಳು ಬೆನ್ನ ಮಧ್ಯೆ ಎದುರುಬದುರು ಬರುವಂತೆ ಜೋಡಿಸಿ. ಆಗ ಜೋಡಣೆ ಮರೆಯಾಗಬೇಕಿಲ್ಲ, ಅದೇ ವಿನ್ಯಾಸ ಆಗುತ್ತದೆ. ತೋಳಿನ ತುದಿಗೂ ಅಂಚೇ ಬರಲಿ, ಮಡಿಸಿ ಹೊಲಿಯುವ ಕೆಲಸವೂ ಉಳಿಯುತ್ತದೆ. ಒಳಗೆ ತೆಳು ಮಲ್ ಬಟ್ಟೆಯ ಲೈನಿಂಗ್ ಕೊಡಿ, ಜಾಕೆಟ್ ನಿಲ್ಲುತ್ತದೆ.

ಕತ್ತರಿಸುವ ಮುಂಚೆ ಒಂದು ಚೂರು ನೀರಲ್ಲಿ ನೆನೆಸಿ ಬಿಳಿ ಬಟ್ಟೆ ಮೇಲೆ ಒತ್ತಿ ನೋಡಿ. ಬಣ್ಣ ಬಿಡುತ್ತದಾ, ಕುಗ್ಗುತ್ತದಾ ಗೊತ್ತಾಗುತ್ತದೆ. ಬಿಳಿ ಶರ್ಟ್ ಜತೆ ಹಾಕುವವರಿಗೆ ಇದು ಮುಖ್ಯ.

ಹಳೇ ಪೆಟ್ಟಿಗೆ

ಜಾಕೆಟ್, ಶರ್ಟ್ ಎಲ್ಲ ಸರಿ. ಆದರೆ ಕೆಲವರು ಅಜ್ಜಿಯ ಇಳಕಲ್ ಸೀರೆಯನ್ನೇ ಕತ್ತರಿಸಿ ಕೋಟು ಹೊಲಿಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಖಂಡ ಬಟ್ಟೆ ಅದು. ಕತ್ತರಿ ಹಾಕಿದ ಮೇಲೆ ಸೀರೆ ಎಲ್ಲಿರುತ್ತದೆ?

ಮಗ್ಗದ ಮನೆ

ಹೊಸ ಸೀರೆಗೆ ಕತ್ತರಿ ಹಾಕಿದರೆ ನಮಗೂ ಸಂಕಟ. ಆದರೆ ಹರಿದ ಸೀರೆಯನ್ನು ನಮ್ಮ ಹೆಂಗಸರು ಯಾವತ್ತೂ ಎಸೆದಿಲ್ಲ. ಕೌದಿ ಹೊಲಿಯುತ್ತಾರೆ. ಇಳಕಲ್ ಮೈ, ಖಣದ ತುಂಡು, ಧೋತರ, ಎಲ್ಲ ಸೇರಿ ಪದರ ಪದರವಾಗಿ. ಕೂಸಿಗೆ ಹಾಸಲು ಹಳೇ ಸೀರೆಯಷ್ಟು ಮೆತ್ತಗಿನದು ಬೇರೆ ಸಿಗುವುದಿಲ್ಲ. ಕತ್ತರಿಸುವುದೇ ಪಾಪ ಅಂತಲ್ಲ ಅಕ್ಕಾ. ಉಟ್ಟು ಮುಗಿದಿದೆಯಾ ಅಂತ ನೋಡಬೇಕು.

ಗೆರೆ

ಕೌದಿ! ಇದು ನನಗೆ ಹೊಳೆದೇ ಇರಲಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಿದ್ದೀರಾ? ಬಣ್ಣದ ತುಂಡುಗಳನ್ನು ಕೂಡಿಸುವ ಅವರ ಕಣ್ಣಿಗೆ ಯಾವ ಕಲಾಶಾಲೆಯೂ ಸಾಟಿ ಇಲ್ಲ. ಬಣ್ಣದ ಬುತ್ತಿ, ನಿಮ್ಮ ಕೊಲಾಜ್‌ಗೆ ಬೇಕಾದದ್ದು ಪ್ಯಾರಿಸ್‌ನಲ್ಲಿ ಇಲ್ಲ, ನಿಮ್ಮ ಮನೆಯ ಹಾಸಿಗೆ ಮೇಲೆ ಇದೆ. ಅಂಟು ಬಿಟ್ಟು ಸೂಜಿ ಹಿಡಿಯಿರಿ. ಕಾಗದವನ್ನೇ ಹೊಲಿಯಿರಿ.

ಜಗನ್ಮೋಹನ ರಸ್ತೆ

ಮೈಸೂರಿನವನು. ನೀರಿನ ಬಣ್ಣದಲ್ಲಿ ಸೀರೆ ಬರೆಯುವವರು ಜಗನ್ಮೋಹನ ಅರಮನೆಗೆ ಒಮ್ಮೆ ಬರಲೇಬೇಕು. ಎರಡು ಚಿತ್ರಗಳಿಗಾಗಿ.

ಒಂದು, ರವಿವರ್ಮ ಬರೆದ ಸಂಗೀತಗಾರ್ತಿಯರ ಗುಂಪಿನ ಚಿತ್ರ. 1889ರ ಸುಮಾರಿನದು. ದೇಶದ ಬೇರೆ ಬೇರೆ ಕಡೆಯ 11 ಹೆಂಗಸರು, ಒಬ್ಬೊಬ್ಬರ ಉಡುಗೆ ಒಂದೊಂದು ಥರ. ಒಬ್ಬ ಸ್ಟೈಲಿಸ್ಟ್ ಮಾಡುವ ಕೆಲಸ ಅಲ್ಲಿದೆ. ಯಾರ ಪಕ್ಕ ಯಾವ ಬಣ್ಣ, ಯಾರ ಸೆರಗು ಎಲ್ಲಿ ಬೀಳಬೇಕು, ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕು ಎಲ್ಲ ಯೋಚಿಸಿ ಇಟ್ಟದ್ದು. ಚರ್ಮದ ಬಣ್ಣ, ಒಡವೆ ಎಲ್ಲ ನೋಡಿ. ಒಪ್ಪಬೇಕಾದ್ದೂ ಇದೆ, ಜಗಳ ಆಡಬೇಕಾದ್ದೂ ಇದೆ.

ಇನ್ನೊಂದು ಹಳದಣಕರ್ ಅವರ ದೀಪ ಹಿಡಿದ ಹೆಂಗಸು. ಬಹಳ ಜನ ಅದನ್ನೂ ರವಿವರ್ಮನದೇ ಎಂದುಕೊಳ್ಳುತ್ತಾರೆ. ಅಲ್ಲ. ಎಸ್. ಎಲ್. ಹಳದಣಕರ್ 1940ರ ದಶಕದಲ್ಲಿ ತಮ್ಮ ಮಗಳನ್ನೇ ನಿಲ್ಲಿಸಿಕೊಂಡು ಬರೆದದ್ದು. ಜಲವರ್ಣ! ಬೆರಳ ಸಂದಿಯಿಂದ ಬರುವ ಬೆಳಕು, ಸೀರೆಯ ನಿರಿಗೆ ಮೇಲೆ ಅದು ಇಳಿದು ಕರಗುವ ರೀತಿ, ಎಲ್ಲ ನೀರಿನ ಬಣ್ಣ. ಜಲವರ್ಣದಲ್ಲಿ ಬೆಳಕು ಅಂದರೆ ಕಾಗದವನ್ನು ಎಷ್ಟು ಬಿಡುತ್ತೀರಿ ಅನ್ನುವುದು. ನಿಮ್ಮ ಚಿತ್ರಗಳಲ್ಲಿ ಸೆರಗಿನ ಬಿಳಿಗೆ ಮೇಲಿಂದ ಬಿಳಿ ಗ್ವಾಶ್ ಹಚ್ಚಿದ್ದೀರಿ, ಅದು ಸುಣ್ಣ ಬಳಿದ ಹಾಗೆ ಕೂತಿದೆ. ಕಾಗದದ ಬಿಳಿಯನ್ನೇ ಉಳಿಸಿ ನೋಡಿ. ಮಾಸ್ಕಿಂಗ್ ದ್ರಾವಣ ಹಚ್ಚಿ, ಕೆಂಪು ತೊಳೆದು, ಒಣಗಿದ ಮೇಲೆ ಉಜ್ಜಿ ತೆಗೆಯಿರಿ.

ಗೆರೆ

ಇದಕ್ಕೆ ಒಂದು ಸೇರಿಸುತ್ತೇನೆ. ಸೆರಗಿನ ಆ ಹಲ್ಲು ಹಲ್ಲು ವಿನ್ಯಾಸ ಮಡಿಕೆಯ ಮೇಲೆ ಹಾದುಹೋಗುವಾಗ ಮುರಿಯಬೇಕು. ಈಗ ನೀವು ನೇರವಾಗಿ ಓಡಿಸಿದ್ದೀರಿ, ಮಡಿಕೆ ಇದ್ದೂ ಇಲ್ಲದಂತೆ. ಬಟ್ಟೆಯನ್ನು ಮೊದಲು ಬರಿದಾಗಿ ಬರೆಯಿರಿ. ಹೆಗಲಲ್ಲಿ ಎಲ್ಲಿ ಜಗ್ಗುತ್ತದೆ, ಸೊಂಟದಲ್ಲಿ ಎಲ್ಲಿ ಸಿಕ್ಕಿಕೊಂಡಿದೆ, ಆ ಬಿಂದುಗಳಿಂದ ಮಡಿಕೆಗಳು ಹೊರಡುತ್ತವೆ. ಅದು ಸರಿಯಾದ ಮೇಲೆ ವಿನ್ಯಾಸ ಕೂರಿಸಿ. ಹತ್ತಿ ಮೈ ಮಡಿಕೆ ಮೂಲೆ ಮೂಲೆಯಾಗಿ ಮುರಿಯುತ್ತದೆ, ರೇಷ್ಮೆ ಸೆರಗು ಜಾರಿ ಇಳಿಯುತ್ತದೆ. ಒಂದೇ ಸೀರೆಯಲ್ಲಿ ಎರಡು ಥರದ ಗೆರೆ ಬೇಕು. ಇಳಕಲ್ ಬರೆಯುವ ಸುಖ ಇದೇ.

ನೆರಳು ಬೆಳಕು

ನನಗೆ ಇನ್ನೊಂದು ನೆನಪಾಯಿತು. ಫೋನ್‌ನ ಮಾಮೂಲಿ ಲೆನ್ಸ್ ಅಗಲದ್ದು. ಹತ್ತಿರದಿಂದ, ಕಣ್ಣೆತ್ತರದಿಂದ ಪೂರ್ತಿ ಆಕೃತಿ ತೆಗೆದರೆ ತಲೆ ದೊಡ್ಡದು, ಕಾಲು ಗಿಡ್ಡ ಆಗುತ್ತದೆ. ನಿಮ್ಮ ಫೋಟೊದ ಹುಡುಗಿಯರು ಹಾಗೆ ಕಾಣುತ್ತಿದ್ದಾರೆ. ದೂರ ಹೋಗಿ, ಜೂಮ್ 2x ಇಟ್ಟುಕೊಳ್ಳಿ, ಕ್ಯಾಮೆರಾ ಸೊಂಟದ ಎತ್ತರಕ್ಕೆ ಇಳಿಸಿ. ಚಿತ್ರದಲ್ಲಿ ಕಾಲು ಎಳೆಯುವ ಆಸೆ ಅರ್ಧ ಅಲ್ಲೇ ತೀರುತ್ತದೆ.

ಹಿನ್ನೆಲೆಯೂ ಬದಲಾಗಲಿ. ಮಹಡಿಯ ನೀರಿನ ಟ್ಯಾಂಕು, ಪೈಪು ಎಲ್ಲ ಸೀರೆ ಜತೆ ಜಗಳ ಆಡುತ್ತಿವೆ. 1948ರಲ್ಲಿ ಅರ್ವಿಂಗ್ ಪೆನ್ ಎಂಬ ಫ್ಯಾಷನ್ ಫೋಟೊಗ್ರಾಫರ್ ಪೆರು ದೇಶದ ಕುಸ್ಕೊದಲ್ಲಿ ಊರಿನ ಒಬ್ಬ ಫೋಟೊಗ್ರಾಫರ್‌ನ ಸ್ಟುಡಿಯೊ ಬಾಡಿಗೆಗೆ ಹಿಡಿದರು. ಕ್ರಿಸ್‌ಮಸ್ ಸಮಯ, ಫೋಟೊ ತೆಗೆಸಿಕೊಳ್ಳಲು ಜನ ಬರುತ್ತಿದ್ದರು. ಬಂದವರಿಂದ ದುಡ್ಡು ತೆಗೆದುಕೊಳ್ಳುವ ಬದಲು ಇವರೇ ಕೊಟ್ಟು, ಅವರವರ ಬಟ್ಟೆಯಲ್ಲೇ ತೆಗೆದರು. ಹಿಂದೆ ಒಂದು ಪರದೆ, ಕಲ್ಲಿನ ನೆಲ, ಕಿಟಕಿ ಬೆಳಕು, ಅಷ್ಟೇ. ಬಟ್ಟೆಯ ಒಂದೊಂದು ಎಳೆ ಕಾಣುತ್ತದೆ. ಬೂದು ಬಣ್ಣದ ದಪ್ಪ ಬಟ್ಟೆ ಒಂದು ತಂದು ಮನೆಯ ವರಾಂಡದಲ್ಲಿ ಕಟ್ಟಿ. ಬೂದು ಕೆಂಪನ್ನು ಎತ್ತಿ ಹಿಡಿಯುತ್ತದೆ.

ದುಡ್ಡಿನ ಮಾತು ಬಂತು ಎಂದು ಹೇಳುತ್ತೇನೆ. ವಿದ್ಯಾರ್ಥಿ ಕೆಲಸ ಎಂದು ಯಾರನ್ನೂ ಬಿಟ್ಟಿ ನಿಲ್ಲಿಸಬೇಡಿ. ಊಟ, ಬಸ್ ಚಾರ್ಜ್, ಒಂದು ಒಳ್ಳೆ ಪ್ರಿಂಟ್ ಆದರೂ ಕೊಡಿ.

ಸೂಜಿ ದಾರ

ನಿಲ್ಲಿಸುವುದು ಅಂದಾಗ, ನಿಮ್ಮ ಗೆಳತಿಯರೇ ಯಾಕೆ? ಇಳಕಲ್ ಉಟ್ಟು ಗೊತ್ತಿರುವವರನ್ನು ನಿಲ್ಲಿಸಿ. ನಿಮ್ಮ ಅಮ್ಮ, ದೊಡ್ಡಮ್ಮ. ಉಟ್ಟು ರೂಢಿ ಇದ್ದವರು ನಿಂತರೆ ಪಿನ್ನೇ ಬೇಡ. ನಾನು ಅಳತೆ ತೆಗೆದುಕೊಳ್ಳುವ ಹೆಂಗಸರಲ್ಲಿ ಐವತ್ತು ದಾಟಿದವರಿಗೆ ಸೀರೆ ಕೂರುವ ಚೆಂದವೇ ಬೇರೆ.

ಬಣ್ಣದ ಬುತ್ತಿ

ದೊಡ್ಡಮ್ಮನಿಗೆ ಫೋನ್ ಮಾಡಿ ಕೇಳಿದೆ. "ನನ್ನ ಫೋಟೊ ಯಾಕವ್ವಾ" ಅಂದರು. ಆಮೇಲೆ ಯಾವ ಸೀರೆ ಉಡಲಿ ಎಂದು ಅವರೇ ಶುರು ಮಾಡಿದರು. ಚಂದ್ರಕಾಳಿ ಎಂಬ ಕಪ್ಪು ಸೀರೆ ಇದೆಯಂತೆ, ಕಸೂತಿ ಹಾಕಿದ್ದು. ಗವಂತಿ, ಮುರ್ಗಿ ಎಂಬ ಕಸೂತಿ ಹೊಲಿಗೆ ಎರಡೂ ಅವರಿಗೆ ಬರುತ್ತವೆ. ಬಟ್ಟೆ ಮೇಲೆ ಗುರುತೇ ಹಾಕದೆ ಎಳೆ ಎಣಿಸಿ ಹಾಕುತ್ತಾರೆ. ಹಿಂದೆ ಮುಂದೆ ಒಂದೇ ಥರ ಬರುತ್ತದೆ, ಗಂಟು ಕಾಣುವುದಿಲ್ಲ. ಗೆರೆ ಸರ್ ಕಾಗದ ಹೊಲಿಯಿರಿ ಅಂದದ್ದನ್ನು ಹೇಳಿದೆ. "ಕಾಗದದಾಗ ಎಳೆ ಎಲ್ಲಿ ಎಣಸ್ತಿ?" ಎಂದು ಕೇಳಿದರು. ಗ್ರಾಫ್ ಹಾಳೆ ತೆಗೆದುಕೊಂಡು ಹೋಗುತ್ತೇನೆ ಅಂದೆ, ಒಪ್ಪಿದರು.

ಹಾಗಾಗಿ ಈಗ ಹೀಗೆ ಮಾಡುತ್ತೇನೆ. ಊರಿಗೆ ಹೋಗಿ ದೊಡ್ಡಮ್ಮ ಉಡುವಾಗ, ಕೆಲಸ ಮಾಡುವಾಗ ಕೂತು ಬರೆಯುತ್ತೇನೆ. ಏಳೂವರೆ ತಲೆ. ಅವರ ಪಕ್ಕ ನನ್ನ ಗೆಳತಿಯೂ ಅದೇ ಸೀರೆ ತನ್ನ ಥರ ಉಟ್ಟು ನಿಲ್ಲುತ್ತಾಳೆ, ಬಿಳಿ ಶರ್ಟ್ ಮತ್ತು ಕ್ಯಾನ್ವಾಸ್ ಶೂ ಅವಳಿಗೆ ಇರಲಿ, ಅದನ್ನು ನಾನು ಬಿಡುವುದಿಲ್ಲ. ಸೆರಗು ಇಬ್ಬರಿಗೂ ಮುಂದೆ. ಬೂದು ಪರದೆ, ಪಕ್ಕದ ಬೆಳಕು. ಗ್ರಾಫ್ ಹಾಳೆ ಮೇಲೆ ದೊಡ್ಡಮ್ಮ ಮೊದಲ ಸಾಲು ಹಾಕಿಕೊಟ್ಟರೆ ಉಳಿದದ್ದು ನಾನು.

ಹಸಿರು ಸೀರೆ ಕೈಬಿಡುತ್ತೇನೆ. ಮಗ್ಗದ ಮನೆ ಅಣ್ಣಾ, ನಿಮ್ಮಲ್ಲಿ ಗೋಮಿ ಅಂಚಿನ ಸೀರೆ ಇದೆಯಾ? ದಾಳಿಂಬೆ ಕೆಂಪು ಬೇಡ, ಗಿಳಿ ಹಸಿರು ಮೈ ಇದ್ದರೆ ಬೇಕು. ನೇಯ್ದವರ ಹೆಸರನ್ನು ಚಿತ್ರದ ಒಳಗೇ ಬರೆಯಲು ಅವರ ಒಪ್ಪಿಗೆಯೂ ಬೇಕು.

ಮಗ್ಗದ ಮನೆ

ಗಿಳಿ ಹಸಿರು ಈಗ ಮಗ್ಗದ ಮೇಲೆ ಇಲ್ಲ ತಂಗಿ. ಹಾಸು ಹಾಕಿಸಬೇಕು. ಆರು ವಾರ (ಗಜ) ಉದ್ದದ್ದು ಬೇಕಾ, ಕಚ್ಚೆ ಹಾಕಿ ಉಡುವ ಒಂಬತ್ತು ವಾರದ್ದು ಬೇಕಾ ಹೇಳಿ. ದೊಡ್ಡಮ್ಮ, ಗೆಳತಿ ಇಬ್ಬರೂ ಉಡಬೇಕು ಅಂದರೆ ಒಂಬತ್ತೇ ಒಳ್ಳೆಯದು. ನೇಯುವುದು ನಮ್ಮ ಅತ್ತಿಗೆ. ಹೆಸರು ಬರೆಯಲು ಅವರನ್ನೇ ಕೇಳಿ ಹೇಳುತ್ತೇನೆ.

ಬಣ್ಣದ ಬುತ್ತಿ

ಒಂಬತ್ತು ವಾರದ್ದೇ ಹಾಕಿಸಿ ಅಣ್ಣಾ. ಮುಂಗಡ ಎಷ್ಟು ಕಳಿಸಲಿ? ಅತ್ತಿಗೆಯವರು ಒಪ್ಪಿದರೆ ಅವರು ಮಗ್ಗದ ಮುಂದೆ ಕೂತಿರುವುದನ್ನೂ ಬರೆಯಬೇಕು. ಅದಕ್ಕೂ ಅವರನ್ನೇ ಕೇಳಿ.